ಪದವನ್ನು ಸದ್ದುಗಳಾಗಿ ಬಿಡಿಸಲು ಕಲಿಸುವುದು: ಚಪ್ಪಾಳೆಯೋ, ಬೆರಳೋ, ಬಿಲ್ಲೆಯೋ, ಅಕ್ಷರವೋ?

‘ಬಸ್’ ಎಂಬ ಪದದಲ್ಲಿ ಎಷ್ಟು ಸದ್ದುಗಳಿವೆ ಎಂದು ಐದು ವರ್ಷದ ಮಗುವನ್ನು ಕೇಳಿದರೆ ಬಹುಮಟ್ಟಿಗೆ ‘ಒಂದು’ ಎಂಬ ಉತ್ತರವೇ ಬರುತ್ತದೆ. ಅದು ದಡ್ಡತನವಲ್ಲ. ಬ್, ಅ, ಸ್ ಎಂಬ ಮೂರು ಸದ್ದುಗಳು ಬಾಯಿಂದ ಬೇರೆ ಬೇರೆಯಾಗಿ ಹೊರಡುವುದೇ ಇಲ್ಲ. ತುಟಿ ‘ಬ್’ಗಾಗಿ ಮುಚ್ಚಿರುವಾಗಲೇ ನಾಲಿಗೆ ‘ಅ’ಕಾರಕ್ಕೆ ಅಣಿಯಾಗಿರುತ್ತದೆ. ಕಿವಿಗೆ ಕೇಳುವುದು ಒಂದೇ ಉಂಡೆ. ಆ ಉಂಡೆಯನ್ನು ಬಿಡಿಸಿ ನೋಡುವುದು ಮಾತು ಕಲಿತ ಹಾಗೆ ತಾನಾಗಿ ಬರುವ ವಿದ್ಯೆಯಲ್ಲ, ಕಲಿಸಿದರೆ ಬರುವಂಥದ್ದು.

1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಇಸಬೆಲ್ ಲಿಬರ್‌ಮನ್ ಮತ್ತು ಸಂಗಡಿಗರು ಇಂಗ್ಲಿಷ್ ಮಾತಾಡುವ ಮಕ್ಕಳಿಗೆ ಪದದಲ್ಲಿರುವ ತುಂಡುಗಳನ್ನು ಮೇಜಿನ ಮೇಲೆ ಕೋಲಿನಿಂದ ತಟ್ಟಿ ಎಣಿಸಲು ಹೇಳಿದರು. ನಾಲ್ಕರ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಉಚ್ಚಾರದ ಗುಂಪುಗಳನ್ನು, ಅಂದರೆ ‘ಮ-ರ’ ಎಂಬಂಥ ತುಂಡುಗಳನ್ನು ಎಣಿಸಿದರು. ಬಿಡಿ ಸದ್ದುಗಳನ್ನು ಎಣಿಸಿದವರು ಒಬ್ಬರೂ ಇರಲಿಲ್ಲ. ಒಂದನೇ ತರಗತಿಯ ಮಕ್ಕಳಲ್ಲಿ ಗುಂಪು ಎಣಿಸಿದವರು ನೂರಕ್ಕೆ 90, ಸದ್ದು ಎಣಿಸಿದವರು ನೂರಕ್ಕೆ 70. ಎರಡೂ ಒಂದೇ ಕೌಶಲವಲ್ಲ ಎಂಬುದನ್ನು ಇಲ್ಲೇ ಗಮನಿಸಬೇಕು. ಮಗು ‘ಮ-ರ’ ಎಂದು ಚಪ್ಪಾಳೆ ತಟ್ಟಿದ ಮಾತ್ರಕ್ಕೆ ಅದಕ್ಕೆ ಮ್, ಅ, ರ್, ಅ ಕೇಳಿಸುತ್ತಿದೆ ಎಂದು ತಿಳಿಯಬಾರದು. ವಿಧಾನ ಆರಿಸುವಾಗ ಆಗುವ ಅತಿ ದೊಡ್ಡ ಎಡವಟ್ಟು ಇದೇ: ಚಪ್ಪಾಳೆ ಆಟ ಚೆನ್ನಾಗಿ ನಡೆಯುತ್ತಿದೆ ಎಂದು ತಿಂಗಳುಗಟ್ಟಲೆ ಅಲ್ಲೇ ಉಳಿದುಬಿಡುವುದು.

ಮೊದಲು ಮಗು ಎಲ್ಲಿ ನಿಲ್ಲುತ್ತದೆ ನೋಡಿ

ವಯಸ್ಸೊಂದನ್ನೇ ನೋಡಿ ವಿಧಾನ ಆರಿಸಬೇಡಿ. ಐದು ನಿಮಿಷದ ಒಂದು ಪರೀಕ್ಷೆ ಸಾಕು. ಆರು ಪದ ತೆಗೆದುಕೊಳ್ಳಿ: ಬಾ, ಆಟ, ಈಗ, ಬಸ್, ಮರ, ನರಿ. ಬರೆದು ತೋರಿಸಬೇಡಿ, ಬಾಯಲ್ಲಷ್ಟೇ ಹೇಳಿ. ಮೊದಲು ‘ಊರು’ ಎಂಬ ಪದದಿಂದ ನೀವೇ ಮಾಡಿ ತೋರಿಸಿ: ‘ಊ... ರ್... ಉ’. ಆಮೇಲೆ ಒಂದೊಂದೇ ಪದ ಕೊಟ್ಟು ‘ಇದನ್ನೂ ಹಾಗೇ ಬಿಡಿಸಿ ಹೇಳು ನೋಡೋಣ’ ಎನ್ನಿ. ಮಗು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಸರಿ-ತಪ್ಪು ಎಂದು ಗೀಟು ಹಾಕಿದರೆ ಉಪಯೋಗವಿಲ್ಲ, ತಪ್ಪು ಯಾವ ಬಗೆಯದು ಎಂಬುದೇ ನಿಮಗೆ ಬೇಕಾದ ಸಂಗತಿ.

ಪೂರ್ತಿ ಪದವನ್ನೇ ಮತ್ತೆ ಹೇಳಿತೆಂದರೆ ತುಂಡು ಮಾಡುವುದೆಂದರೇನು ಎಂಬುದೇ ಇನ್ನೂ ಹೊಳೆದಿಲ್ಲ. ಚಪ್ಪಾಳೆಯಿಂದ ಶುರು ಮಾಡಿ. ‘ಮ-ರ’, ‘ನ-ರಿ’ ಎಂದರೆ ಅಕ್ಷರದ ಮಟ್ಟ ಗಟ್ಟಿಯಾಗಿದೆ, ಚಪ್ಪಾಳೆ ಇನ್ನು ಬೇಡ. ‘ಮ್’ ಎಂದು ಮೊದಲ ಸದ್ದನ್ನು ಮಾತ್ರ ಬಿಡಿಸಿ ‘ಅರ’ವನ್ನು ಹಾಗೇ ಉಳಿಸಿದರೆ ಬಿಲ್ಲೆಗೆ, ಅಂದರೆ ಸದ್ದಿಗೊಂದು ಬಿಲ್ಲೆ ಸರಿಸುವ ವಿಧಾನಕ್ಕೆ ಸಿದ್ಧ. ಎರಡು ಮೂರು ಸದ್ದಿನ ಪದಗಳನ್ನು ಪೂರ್ತಿ ಬಿಡಿಸಿದರೆ ನೇರವಾಗಿ ಅಕ್ಷರ ಬರೆದ ಬಿಲ್ಲೆಗೆ ಹೋಗಿ.

ಚಪ್ಪಾಳೆ

ಸಾಮಗ್ರಿ ಬೇಡ, ಇಡೀ ತರಗತಿಗೆ ಒಮ್ಮೆಗೇ ಮಾಡಿಸಬಹುದು, ನಾಲ್ಕರ ಮಗುವಿಗೂ ಸಿಗುತ್ತದೆ. ಪದ ಎಂದರೆ ಅರ್ಥ ಮಾತ್ರವಲ್ಲ, ಅದಕ್ಕೊಂದು ಉದ್ದವಿದೆ, ಅದನ್ನು ಕತ್ತರಿಸಬಹುದು ಎಂಬ ಅರಿವು ಹುಟ್ಟಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಗದ್ದದ ಕೆಳಗೆ ಅಂಗೈ ಇಟ್ಟು ಪದ ಹೇಳಿಸುವುದೂ ಇದೇ ಕೆಲಸ ಮಾಡುತ್ತದೆ. ಸ್ವರ ಬಂದಾಗಲೆಲ್ಲ ಗದ್ದ ಕೆಳಗಿಳಿಯುತ್ತದೆ.

ಆದರೆ ಚಪ್ಪಾಳೆಯಿಂದ ಬಿಡಿ ಸದ್ದು ಕಲಿಸಲು ಹೋಗಬೇಡಿ. ಪ್ರತಿ ಚಪ್ಪಾಳೆಗೂ ಒಂದು ಜೋರಾದ ಉಸಿರು ಬರುತ್ತದೆ, ಉಸಿರಿನ ಜೊತೆ ಸ್ವರ ಬರುತ್ತದೆ. ‘ಬ್-ಅ-ಸ್’ ಹೋಗಿ ‘ಬ-ಅ-ಸ’ ಆಗುತ್ತದೆ. ಅವನ್ನು ಕೂಡಿಸಿದರೆ ಬಸ್ ಆಗುವುದಿಲ್ಲ.

ಇನ್ನೊಂದು ತೊಡಕು ಒತ್ತಕ್ಷರದ್ದು. ‘ಪುಸ್ತಕ’ವನ್ನು ಒಂದು ಮಗು ಪು-ಸ್ತ-ಕ ಎಂದೂ ಇನ್ನೊಂದು ಪುಸ್-ತ-ಕ ಎಂದೂ ತಟ್ಟುತ್ತದೆ. ಮೊದಲನೆಯದು ಬರಹದ ವಿಭಜನೆ, ಎರಡನೆಯದು ಮಾತಿನದು. ಎರಡನ್ನೂ ಒಪ್ಪಿಕೊಂಡು ಮುಂದೆ ಹೋಗಿ. ‘ಬಸ್’, ‘ಪೆನ್’ನಂಥ ಪದಗಳನ್ನು ಈ ಹಂತದಲ್ಲಿ ಕೊಡಲೇಬೇಡಿ. ಬರಹದಲ್ಲಿ ಎರಡು, ಮಾತಿನಲ್ಲಿ ಒಂದೇ ಪೆಟ್ಟು; ಅಕ್ಷರ ಕಲಿತ ಮಗು ಗೊಂದಲಕ್ಕೆ ಬೀಳುತ್ತದೆ.

ಎರಡು ವಾರ ಚಪ್ಪಾಳೆ ಸಾಕು. ಎರಡು, ಮೂರು, ನಾಲ್ಕು ಅಕ್ಷರದ ಹತ್ತು ಪದಗಳಲ್ಲಿ ಎಂಟು ಸರಿ ಬಂದರೆ ಬಿಟ್ಟುಬಿಡಿ.

ಬೆರಳು

ಪ್ರತಿ ಸದ್ದಿಗೂ ಒಂದು ಬೆರಳು ಮುಟ್ಟಿಸುವುದು. ಮಗು ಎಡಗೈಯನ್ನು ಅಂಗೈ ತನ್ನ ಕಡೆ ಇರುವಂತೆ ಹಿಡಿದು, ಬಲಗೈ ತೋರುಬೆರಳಿನಿಂದ ಹೆಬ್ಬೆರಳಿನ ಕಡೆಯಿಂದ ಮುಟ್ಟುತ್ತ ಹೋಗಬೇಕು. ಆಗ ಎಡದಿಂದ ಬಲಕ್ಕೆ, ಓದುವ ದಿಕ್ಕಿನಲ್ಲೇ ಸಾಗುತ್ತದೆ. ಎದುರಿಗೆ ಕೂತ ನೀವು ಮಾಡಿ ತೋರಿಸುವಾಗ ಬಲಗೈ ಹಿಡಿದು, ಅದರ ಹಿಂಭಾಗ ಮಗುವಿಗೆ ಕಾಣುವಂತೆ ಇಟ್ಟು, ಹೆಬ್ಬೆರಳಿನಿಂದಲೇ ಶುರು ಮಾಡಿ. ಎಡಗೈ ಹಿಡಿದರೆ ಮಗುವಿಗೆ ಎಲ್ಲವೂ ತಿರುವುಮುರುವಾಗಿ ಕಾಣುತ್ತದೆ.

ದಾರಿಯಲ್ಲಿ, ಸಾಲಿನಲ್ಲಿ ನಿಂತಾಗ, ಪುಸ್ತಕ ಓದುವ ನಡುವೆ ಎಲ್ಲೆಂದರಲ್ಲಿ ಮಾಡಬಹುದು ಎಂಬುದು ಇದರ ಗುಣ. ಸದ್ದು ಹೇಳಿದ ಮೇಲೆ ಎಲ್ಲೂ ಗುರುತು ಉಳಿಯುವುದಿಲ್ಲ ಎಂಬುದು ದೋಷ. ನಾಲ್ಕನೆಯ ಬೆರಳಿಗೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಹೀಗಾಗಿ ಇದು ಕಲಿಸುವ ವಿಧಾನ ಎನ್ನುವುದಕ್ಕಿಂತ ಕಲಿತದ್ದನ್ನು ಗಟ್ಟಿ ಮಾಡುವ ಅಭ್ಯಾಸ ಎಂಬುದು ನಮ್ಮ ಅಭಿಪ್ರಾಯ.

ಬಿಲ್ಲೆ ಮತ್ತು ಮನೆ

ಆರಂಭಕ್ಕೆ ಒಂದನ್ನೇ ಆರಿಸಿ ಎಂದರೆ ನಾವು ಆರಿಸುವುದು ಇದನ್ನು. ಸೋವಿಯತ್ ಮನೋವಿಜ್ಞಾನಿ ಡೇನಿಯಲ್ ಎಲ್ಕೋನಿನ್ ರೂಪಿಸಿದ ವಿಧಾನ; ಎಲ್ಕೋನಿನ್ ಚೌಕ ಎಂಬ ಹೆಸರು ಅವರಿಂದಲೇ ಬಂದದ್ದು. ಸದ್ದು ಗಾಳಿಯಲ್ಲಿ ಕರಗಿಹೋಗುತ್ತದೆ, ಬಿಲ್ಲೆ ಮೇಜಿನ ಮೇಲೆ ಉಳಿಯುತ್ತದೆ. ಮಗು ತಾನು ಮಾಡಿದ್ದನ್ನು ತಿರುಗಿ ನೋಡಬಹುದು, ನಿಮಗೂ ತಪ್ಪು ಎಲ್ಲಾಯಿತೆಂದು ಕಣ್ಣಿಗೆ ಬೀಳುತ್ತದೆ.

ಒಂದು ಹಾಳೆಯ ಮೇಲೆ ಅಡ್ಡಸಾಲಿನಲ್ಲಿ ಮೂರು ಚೌಕದ ಮನೆ ಬರೆಯಿರಿ, ಪ್ರತಿಯೊಂದೂ ಸುಮಾರು 4 ಸೆಂ.ಮೀ. ಅದಕ್ಕಿಂತ ಚಿಕ್ಕದಾದರೆ ಬಿಲ್ಲೆ ಸರಿಸುವುದರಲ್ಲೇ ಮಗುವಿನ ಗಮನ ಹೋಗುತ್ತದೆ. ಮನೆಗಳ ಕೆಳಗೆ ಬಿಲ್ಲೆಗಳನ್ನೋ ದೊಡ್ಡ ಗುಂಡಿಗಳನ್ನೋ ಸಾಲಾಗಿ ಇಡಿ. ಎಲ್ಲವೂ ಒಂದೇ ಬಣ್ಣದವಿರಲಿ. ಬಣ್ಣದ ಮಾತು ಆಮೇಲೆ.

‘ಆಟ’ ಎಂಬ ಪದ ತೆಗೆದುಕೊಳ್ಳಿ. ಮೊದಲು ಪದವನ್ನು ಮಾಮೂಲಾಗಿ ಹೇಳಿ, ಮಗುವಿನಿಂದಲೂ ಹೇಳಿಸಿ. ಆಮೇಲೆ ಎಳೆದು ಹೇಳಿ. ‘ಆ’ ಎನ್ನುತ್ತಿರುವಷ್ಟು ಹೊತ್ತೂ ಮೊದಲ ಬಿಲ್ಲೆ ಮೇಲಕ್ಕೆ ಸರಿಯುತ್ತಿರಬೇಕು. ‘ಟ್’ ಎಂದಾಗ ಎರಡನೆಯದು, ‘ಅ’ ಎಂದಾಗ ಮೂರನೆಯದು. ಕೊನೆಗೆ ಎಡದಿಂದ ಬಲಕ್ಕೆ ಮನೆಗಳ ಕೆಳಗೆ ಬೆರಳು ಎಳೆಯುತ್ತ ‘ಆಟ’ ಎಂದು ಪೂರ್ತಿ ಪದ ಹೇಳಬೇಕು. ಈ ಕೊನೆಯ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಬಿಡಿಸಿದ್ದನ್ನು ಕೂಡಿಸಿದರೆ ಮತ್ತೆ ಅದೇ ಪದ ಸಿಗುತ್ತದೆ ಎಂದು ಗೊತ್ತಾಗುವುದು ಅಲ್ಲೇ, ಓದುವುದಕ್ಕೆ ಬೇಕಾಗುವುದೂ ಅದೇ. ನೀವು ಒಮ್ಮೆ ಮಾಡಿ, ಇಬ್ಬರೂ ಕೂಡಿ ಒಮ್ಮೆ ಮಾಡಿ, ಆಮೇಲೆ ಮಗು ಒಂದೇ ಮಾಡಲಿ. ಒಮ್ಮೆ ಕೂತರೆ ಆರರಿಂದ ಎಂಟು ಪದ, ಹತ್ತು ನಿಮಿಷ.

ಇಲ್ಲಿ ಹಾದಿ ತಪ್ಪುವುದು ಸಾಮಾನ್ಯವಾಗಿ ಮೂರು ಕಡೆ. ಮಗು ಬಾಯಲ್ಲಿ ಏನೂ ಹೇಳದೆ ಟಕಟಕ ಎಂದು ಬಿಲ್ಲೆಗಳನ್ನಷ್ಟೇ ತಳ್ಳುತ್ತದೆ. ಆಗ ಬಿಲ್ಲೆಯ ಮೇಲೆ ನಿಮ್ಮ ಬೆರಳಿಟ್ಟು, ಸದ್ದು ಬಂದ ಮೇಲಷ್ಟೇ ಬೆರಳು ತೆಗೆಯಿರಿ. ಎರಡನೆಯದು ನಾವೇ ಮಾಡುವ ಅನ್ಯಾಯ: ಮೂರು ಸದ್ದಿನ ಪದಕ್ಕೆ ಮೂರೇ ಮನೆ, ಮೂರೇ ಬಿಲ್ಲೆ ಕೊಟ್ಟರೆ ಉತ್ತರವನ್ನೂ ಕೊಟ್ಟಂತಾಯಿತು. ಮೊದಲ ವಾರಕ್ಕೆ ಅದು ಸರಿ. ಆಮೇಲೆ ಐದು ಮನೆಯ ಹಾಳೆ, ಆರು ಬಿಲ್ಲೆ ಕೊಟ್ಟು, ಎರಡು ಸದ್ದಿನ ಪದವನ್ನೂ ನಾಲ್ಕು ಸದ್ದಿನದನ್ನೂ ಬೆರೆಸಿ ಹೇಳಿ. ಮೂರನೆಯದು ಅಕ್ಷರ ಬಲ್ಲ ಮಗುವಿನದು. ಅದು ‘ಮರ’ಕ್ಕೆ ಎರಡೇ ಬಿಲ್ಲೆ ಇಟ್ಟು ಕೈ ಕಟ್ಟಿ ಕೂರುತ್ತದೆ. ತಪ್ಪು ಎನ್ನಬೇಡಿ. ‘ಮ ಹೇಳುವಾಗ ತುಟಿ ಮೊದಲು ಮುಚ್ಚಿತು, ಆಮೇಲೆ ಏನಾಯಿತು?’ ಎಂದು ಕೇಳಿ. ಚಿಕ್ಕ ಕನ್ನಡಿ ಕೊಟ್ಟರೆ ಇನ್ನೂ ಒಳ್ಳೆಯದು. ಮುಚ್ಚಿದ ತುಟಿ ಒಂದು ಬಿಲ್ಲೆ, ತೆರೆದ ಬಾಯಿ ಇನ್ನೊಂದು.

ಅಕ್ಷರದ ಬಿಲ್ಲೆ

ಬಿಲ್ಲೆಯ ಜಾಗದಲ್ಲಿ ಅಕ್ಷರ ಬರೆದ ಬಿಲ್ಲೆ. ಇದು ಹೆಚ್ಚು ಫಲ ಕೊಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿದೆ. 2000ರಲ್ಲಿ ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ ಎಂಬ ತಜ್ಞರ ಸಮಿತಿ 52 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಅಕ್ಷರದೊಂದಿಗೆ ಸದ್ದು ಬಿಡಿಸಲು ಕಲಿತ ಮಕ್ಕಳು ಬರೀ ಬಾಯಲ್ಲಿ ಕಲಿತವರಿಗಿಂತ ಓದಿನಲ್ಲಿ ಮುಂದಿದ್ದರು. ಹಾಗೆಂದು ಅಕ್ಷರವೊಂದೇ ಸಾಕೆ? ಅದೂ ಇಲ್ಲ. ಬಾಲ್ ಮತ್ತು ಬ್ಲಾಕ್‌ಮನ್ ಎಂಬ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳು ಏಳು ವಾರ, ವಾರಕ್ಕೆ ನಾಲ್ಕು ಸಲ, 20 ನಿಮಿಷ ಬಿಲ್ಲೆ ಸರಿಸುತ್ತ ಪದ ಬಿಡಿಸಿದರು, ಜೊತೆಗೆ ಅಕ್ಷರದ ಹೆಸರು ಮತ್ತು ಸದ್ದು ಕಲಿತರು. ಅವರು ಓದಿನಲ್ಲೂ ಪದ ಬರೆಯುವುದರಲ್ಲೂ ಮುಂದೆ ಬಂದರು. ಅಕ್ಷರದ ಹೆಸರು ಮತ್ತು ಸದ್ದು ಕಲಿತರೂ ಪದ ಬಿಡಿಸದ ಗುಂಪಿಗೆ ಆ ಲಾಭ ಸಿಗಲಿಲ್ಲ.

ಅಕ್ಷರ ಇನ್ನೂ ಶುರುವಾಗದ ಮಕ್ಕಳಿಗೆ ಬಾಯಾಟವೂ ವ್ಯರ್ಥವಲ್ಲ. ಡೆನ್ಮಾರ್ಕಿನಲ್ಲಿ ಲುಂಡ್‌ಬರ್ಗ್ ಮತ್ತು ಸಂಗಡಿಗರು ಶಾಲೆಗೆ ಮುಂಚಿನ ಮಕ್ಕಳಿಗೆ ದಿನವೂ ಅಕ್ಷರವಿಲ್ಲದ ಸದ್ದಿನ ಆಟ ಆಡಿಸಿದ್ದರ ಫಲ ಮುಂದೆ ಓದಿನಲ್ಲಿ ಕಂಡಿತು. ಆ ವರದಿ ಬಂದದ್ದು 1988ರಲ್ಲಿ. ಆದ್ದರಿಂದ ನಾಲ್ಕು ಅಕ್ಷರವಾದರೂ ಬಲ್ಲ ಮಗುವಿಗೆ ಬಾಯಾಟವನ್ನು ಎಳೆಯುತ್ತ ಕೂರಬೇಡಿ, ಒಂದೂ ಬಾರದ ಮಗುವಿಗೆ ಅಕ್ಷರಕ್ಕಾಗಿ ಕಾಯಬೇಡಿ.

ಕನ್ನಡ ಲಿಪಿಯಲ್ಲಿ ಇದನ್ನು ಹೇಗೆ ಹೊಂದಿಸುವುದು

ಇಂಗ್ಲಿಷಿಗೆಂದು ಮಾಡಿದ ಸಾಮಗ್ರಿಯನ್ನು ಹಾಗೇ ಎತ್ತಿಕೊಂಡರೆ ಇಲ್ಲಿ ತೊಡಕಾಗುತ್ತದೆ. ನಮ್ಮ ಬರಹದ ಘಟಕವೇ ಅಕ್ಷರ. ‘ಕಿ’ ಎಂಬಲ್ಲಿ ಕ್ ಮತ್ತು ಇ ಬೆಸೆದುಕೊಂಡಿವೆ. ಕನ್ನಡ ಓದಲು ಕಲಿಯುವ ಮಕ್ಕಳಲ್ಲಿ ಬಿಡಿ ಸದ್ದಿನ ಅರಿವು ನಿಧಾನವಾಗಿ ಮೂಡುತ್ತದೆ ಎಂಬುದನ್ನು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಅಂದಮೇಲೆ ಕನ್ನಡದಲ್ಲಿ ಮಗು ಅಕ್ಷರದ ಮಟ್ಟದಲ್ಲಿ ಹೆಚ್ಚು ಕಾಲ ನಿಂತರೆ ಗಾಬರಿ ಬೇಡ. ಆದರೆ ಕಾಗುಣಿತ ಅರ್ಥವಾಗಬೇಕಾದರೆ, ಬಾಯಿಪಾಠವಾಗಿ ಉಳಿಯದಿರಬೇಕಾದರೆ, ಆ ಬೆಸುಗೆ ಬಿಡಿಸಿ ನೋಡಲೇಬೇಕು.

ನಮ್ಮ ಸಲಹೆ ಎರಡು ಸಾಲಿನ ಹಾಳೆ. ಮೇಲಿನ ಸಾಲಿನಲ್ಲಿ ಅಕ್ಷರಕ್ಕೊಂದು ದೊಡ್ಡ ಮನೆ. ಕೆಳಗಿನ ಸಾಲಿನಲ್ಲಿ ಅದೇ ಅಗಲದ ಮನೆ, ನಡುವೆ ಚುಕ್ಕೆಗೆರೆ ಎಳೆದು ಎರಡು ಕೋಣೆ ಮಾಡಿದ್ದು. ‘ನರಿ’ಗೆ ಮೇಲೆ ಎರಡು ಮನೆ, ಕೆಳಗೆ ನಾಲ್ಕು ಕೋಣೆ. ಮಗು ಮೊದಲು ಕೆಳಗೆ ನ್, ಅ, ರ್, ಇ ಬಿಲ್ಲೆಗಳನ್ನು ಸದ್ದು ಹೇಳುತ್ತ ಇಡುತ್ತದೆ. ಆಮೇಲೆ ಮೊದಲೆರಡನ್ನು ಬೇಗ ಬೇಗ ಹೇಳಿಸಿ, ‘ನ’ ಎಂಬ ಬಿಲ್ಲೆ ಮೇಲಿನ ಮನೆಗೆ. ಮುಂದಿನೆರಡು ಕೂಡಿ ‘ರಿ’. ಈ ಹಂತದಲ್ಲಿ ಸ್ವರಕ್ಕೆ ಒಂದು ಬಣ್ಣ, ವ್ಯಂಜನಕ್ಕೆ ಇನ್ನೊಂದು ಬಣ್ಣ ಕೊಡಿ. ಪ್ರತಿ ಮನೆಯಲ್ಲೂ ಎರಡು ಬಣ್ಣ ಪಕ್ಕಪಕ್ಕದಲ್ಲಿ ಕಂಡಾಗ ಕಾಗುಣಿತದ ಗುಟ್ಟು ಮಗುವಿಗೆ ತಾನಾಗಿ ಹೊಳೆಯುತ್ತದೆ.

ಇಲ್ಲಿ ಎದುರಾಗುವ ಪ್ರಶ್ನೆ ‘ಅ’ಕಾರದ್ದು. ‘ನ’ದಲ್ಲಿ ‘ಅ’ ಎಲ್ಲಿದೆ ಎಂದು ಮಗು ಕೇಳುತ್ತದೆ, ಕೇಳಬೇಕು ಕೂಡ. ತಲೆಕಟ್ಟು ತೋರಿಸಿ: ‘ನ್’ನಲ್ಲಿ ಅದು ಇಲ್ಲ, ‘ನ’ದಲ್ಲಿ ಇದೆ. ಬ, ಲ, ಟ, ಜಗಳಿಗೆ ಬೇರೆಯಾಗಿ ಕಾಣುವ ತಲೆಕಟ್ಟಿಲ್ಲವಾದ್ದರಿಂದ ಮೊದಲ ವಾರ ಇವನ್ನು ಬಿಟ್ಟು ನ, ಮ, ರ, ಸ, ಗ, ದಗಳಲ್ಲೇ ಪದ ಆರಿಸಿ. ‘ಕೋ’ ಬಂದಾಗ ಇನ್ನೊಂದು ಎಡವು: ಗುರುತು ಮೂರು ತುಂಡಾಗಿ ಕಾಣುತ್ತದೆ, ಸ್ವರ ಮಾತ್ರ ಒಂದೇ. ಬರಹ ಎಣಿಸಬೇಡ, ಬಾಯಿ ಎಣಿಸು ಎನ್ನಿ. ದೀರ್ಘ ಸ್ವರಕ್ಕೂ ಬಿಲ್ಲೆ ಒಂದೇ. ‘ಹೂ’ವನ್ನು ಎಳೆದು ಹೇಳಿದಾಗ ಎರಡು ಇಡುವ ಮಕ್ಕಳು ಬಹಳ.

ಅನುಸ್ವಾರ, ಅರ್ಕಾವೊತ್ತು, ಒತ್ತಕ್ಷರಗಳನ್ನು ಕೊನೆಗಿಡಿ. ‘ಗಂಟೆ’ಯ ಸೊನ್ನೆ ಣ್ ಆಗಿ ಕೇಳುತ್ತದೆ, ‘ಕಂಬ’ದ್ದು ಮ್ ಆಗಿ, ಅದೇ ಗುರುತು, ಬೇರೆ ಸದ್ದು. ಅರ್ಕಾವೊತ್ತು ಹಾಕಿ ಬರೆದ ‘ಸೂರ್ಯ’ದಲ್ಲಿ ರ್ ಮೊದಲು ಕೇಳುತ್ತದೆ, ಗುರುತು ಮಾತ್ರ ಯ ಆದಮೇಲೆ ಬರುತ್ತದೆ. ಹೊಸಬರಿಗೆ ಇವು ಹೇಳಿ ಮಾಡಿಸಿದ ಗೊಂದಲ.

ಪದಗಳ ಆಯ್ಕೆ

ವಿಧಾನಕ್ಕಿಂತ ಹೆಚ್ಚಾಗಿ ಪಾಠ ಕೆಡುವುದು ಪದಗಳಿಂದ. ಎಳೆದು ಹೇಳಬಹುದಾದ ಸದ್ದುಗಳಿಂದ (ಸ್, ಶ್, ಮ್, ನ್, ಲ್ ಮತ್ತು ಎಲ್ಲ ಸ್ವರಗಳು) ಶುರು ಮಾಡಿ. ಪ್, ಬ್, ಟ್, ಡ್, ಕ್, ಗ್ ತಕ್ಷಣ ಸಿಡಿದು ಮುಗಿಯುತ್ತವೆ. ಎಳೆಯಲು ಹೋದರೆ ‘ಬಅಅ’ ಆಗುತ್ತದೆ. ಇವನ್ನು ಚುಟುಕಾಗಿ ಹೇಳುವುದನ್ನು ಮೊದಲು ನೀವು ಅಭ್ಯಾಸ ಮಾಡಿಕೊಳ್ಳಬೇಕು.

ಮೊದಲು ಎರಡು ಸದ್ದಿನವು: ಬಾ, ತಾ, ನೀ, ಹೂ, ಕೈ, ಮೈ. ಆಮೇಲೆ ಸ್ವರದಿಂದ ಶುರುವಾಗುವ ಮೂರು ಸದ್ದಿನವು: ಆಟ, ಈಗ, ಆನೆ, ಇಲಿ, ಊರು. ಬಳಿಕ ಬಸ್, ಪೆನ್, ಬ್ಯಾಗ್, ಗೇಟ್. ಇಂಗ್ಲಿಷಿನಿಂದ ಬಂದು ನಮ್ಮವೇ ಆಗಿರುವ ಇವು ವ್ಯಂಜನದಲ್ಲಿ ಮುಗಿಯುವುದರಿಂದ ತುಂಬ ಉಪಕಾರಿ, ಏಕೆಂದರೆ ನಮ್ಮ ಮಾತಿನಲ್ಲಿ ಹಾಗೆ ಮುಗಿಯುವ ಪದಗಳೇ ಕಡಿಮೆ. ಎರಡೂ ಭಾಷೆ ಓದಲು ಕಲಿಯುತ್ತಿರುವ ಮಗುವಿಗೆ ಇವೇ ಸೇತುವೆ. ಅದಾದ ಮೇಲೆ ಮರ, ನರಿ, ಕಾಗೆ. ‘ಬ್ರಷ್’, ‘ಸ್ಲೇಟು’ ಮುಂತಾದ ಜೋಡು ವ್ಯಂಜನದವು ಎಲ್ಲಕ್ಕಿಂತ ಕೊನೆಗೆ. ‘ಬ್ರ್’ ಮಕ್ಕಳಿಗೆ ಒಂದೇ ಸದ್ದಾಗಿ ಕೇಳುತ್ತದೆ.

ಮಗು ಮನೆಯಲ್ಲಿ ಹೇಗೆ ಉಚ್ಚರಿಸುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಿ. ‘ಬಸ್ಸು’ ಎನ್ನುವ ಮಗು ಕೊನೆಗೆ ‘ಉ’ಗೆ ಒಂದು ಬಿಲ್ಲೆ ಇಟ್ಟರೆ ಅದು ಸರಿಯೇ, ತನ್ನ ಮಾತನ್ನು ಸರಿಯಾಗಿ ಬಿಡಿಸಿದೆ. ‘ಆವು’ ಎನ್ನುವ ಮಗುವಿಗೆ ‘ಹಾವು’ ಕೊಟ್ಟು ಮೊದಲ ಸದ್ದು ಹ್ ಎಂದು ಹಟ ಹಿಡಿದರೆ, ಇಲ್ಲದ್ದನ್ನು ಕೇಳು ಎಂದು ಒತ್ತಾಯಿಸಿದಂತೆ. ‘ಎಲೆ’ ಹಲವರ ಬಾಯಲ್ಲಿ ‘ಯೆಲೆ’, ‘ಒಲೆ’ ‘ವೊಲೆ’. ಮೊದಲ ಪಟ್ಟಿಯಲ್ಲಿ ಎ, ಒ, ಹ ಇಂದ ಶುರುವಾಗುವ ಪದಗಳು ಆದಷ್ಟು ಕಡಿಮೆ ಇರಲಿ.

ಎಷ್ಟು ಮಂದಿ, ಎಷ್ಟು ಹೊತ್ತು

ಅದೇ 2000ದ ವರದಿಯಲ್ಲಿ ಸಣ್ಣ ಗುಂಪಿನ ಪಾಠವು ಇಡೀ ತರಗತಿಯ ಪಾಠಕ್ಕಿಂತ ಮಾತ್ರವಲ್ಲ, ಒಬ್ಬೊಬ್ಬರಿಗೇ ಹೇಳಿಕೊಟ್ಟಿದ್ದಕ್ಕಿಂತಲೂ ಮೇಲಾಗಿ ಕಂಡಿತು. ಮೂರರಿಂದ ಐದು ಮಕ್ಕಳನ್ನು ಕೂರಿಸಿದರೆ ಪ್ರತಿಯೊಬ್ಬರ ಬಾಯಿ, ಬಿಲ್ಲೆ ಎರಡೂ ನಿಮ್ಮ ಕಣ್ಣಿಗೆ ಬೀಳುತ್ತವೆ. ಒಟ್ಟು 5ರಿಂದ 18 ಗಂಟೆ ಕಲಿಸಿದ ಕಡೆ ಫಲ ಹೆಚ್ಚಿತ್ತು. ದಿನಕ್ಕೆ 10 ನಿಮಿಷ, ವಾರಕ್ಕೆ ಐದು ದಿನವಾದರೆ ಹತ್ತು ವಾರಕ್ಕೆ ಎಂಟು ಗಂಟೆ ಮೀರುತ್ತದೆ. ವರ್ಷಪೂರ್ತಿ ಬೇಕಾಗುವ ಪಾಠ ಇದಲ್ಲ. ಒಂದೋ ಎರಡೋ ಕೌಶಲಕ್ಕೆ ಅಂಟಿಕೊಂಡವರ ಫಲವೇ ಚೆನ್ನಾಗಿತ್ತು. ಪ್ರಾಸ, ಸದ್ದು ಅಳಿಸುವುದು, ಸದ್ದು ಬದಲಿಸುವುದು ಎಲ್ಲವನ್ನೂ ಒಟ್ಟಿಗೆ ತುರುಕುವುದಕ್ಕಿಂತ ಬಿಡಿಸುವುದು, ಕೂಡಿಸುವುದು ಎರಡನ್ನೇ ಹಿಡಿಯಿರಿ.

ಮೊಬೈಲ್ ಆ್ಯಪ್‌ಗಳ ಬಗ್ಗೆ ಒಂದೇ ಮಾತು: ಗುಂಡಿ ಒತ್ತಿದರೆ ಸದ್ದು ಅದೇ ಹೇಳುವುದಾದರೆ ಮಗು ಬಿಡಿಸಲಿಲ್ಲ, ಆ್ಯಪ್ ಬಿಡಿಸಿತು.

ಯಾರಿಗೆ ಯಾವುದು

ನಾಲ್ಕರ ಮಗು, ಅಕ್ಷರ ಇನ್ನೂ ಇಲ್ಲ: ಚಪ್ಪಾಳೆ, ಅದು ಬಂದ ಮೇಲೆ ಮೊದಲ ಸದ್ದು ಗುರುತಿಸುವ ಆಟ. ಐದಾರರ ಮಗು, ಕೆಲವು ಅಕ್ಷರ ಬರುತ್ತವೆ: ಎರಡು ವಾರ ಬರೀ ಬಿಲ್ಲೆ, ಆಮೇಲೆ ಅಕ್ಷರದ ಬಿಲ್ಲೆ, ಬಿಡುವಿನಲ್ಲಿ ಬೆರಳು. ಕನ್ನಡ ಅಕ್ಷರಮಾಲೆ ಪೂರ್ತಿ ಬರುತ್ತದೆ, ಕಾಗುಣಿತ ಮಾತ್ರ ಹತ್ತುತ್ತಿಲ್ಲ ಎಂಬ ಏಳರ ಮಗು: ಚಪ್ಪಾಳೆ ಬಿಟ್ಟು ನೇರ ಎರಡು ಸಾಲಿನ ಹಾಳೆ. ನಲವತ್ತು ಮಕ್ಕಳ ತರಗತಿ, ಒಬ್ಬರೇ ಶಿಕ್ಷಕರು: ಎಲ್ಲರಿಗೂ ಬೆರಳಿನ ಅಭ್ಯಾಸ ಎರಡು ನಿಮಿಷ, ಮೇಲಿನ ಪರೀಕ್ಷೆಯಲ್ಲಿ ಹಿಂದುಳಿದವರಿಗಷ್ಟೇ ಸರದಿಯ ಮೇಲೆ ಬಿಲ್ಲೆ.

ಹತ್ತು ವಾರ ಕ್ರಮವಾಗಿ ಮಾಡಿದ ಮೇಲೂ ಆರು ದಾಟಿದ ಮಗುವಿಗೆ ಪದದ ಮೊದಲ ಸದ್ದು ಸಿಗುತ್ತಿಲ್ಲವೆಂದರೆ ವಿಧಾನ ಬದಲಿಸುತ್ತ ಹೋಗಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ನೆಗಡಿ, ಕಿವಿಸೋರಿಕೆಯಿಂದ ಕೇಳುವುದು ಮಂದವಾದ ಮಗುವಿಗೆ ಸ್, ಶ್, ತ್ ಮೊದಲಾದ ಮೆದು ಸದ್ದುಗಳೇ ತಪ್ಪಿಹೋಗುತ್ತವೆ. ಕಿವಿ ಸರಿಯಿದ್ದರೆ ವಾಕ್-ಶ್ರವಣ ತಜ್ಞರನ್ನು ಕಾಣಿ. ಹೋಗುವಾಗ ಪರೀಕ್ಷೆಯ ದಿನ ಮಗು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಟ್ಟ ಹಾಳೆಯನ್ನೂ ಐದನೆಯ ಮತ್ತು ಹತ್ತನೆಯ ವಾರ ಅದೇ ಆರು ಪದಗಳಿಗೆ ಕೊಟ್ಟ ಉತ್ತರಗಳನ್ನೂ ಜೊತೆಗೆ ಒಯ್ಯಿರಿ.